ಕೊಡಗಿನಿಂದ ಪ್ರಯೋಗಾಲಯದವರೆಗೆ: ವಸ್ತು ವಿಜ್ಞಾನದಲ್ಲಿ ಪಿಎಚ್.ಡಿ.

ಮಡಿಕೇರಿ: ರೈಲು ಮಾರ್ಗವಿಲ್ಲದ ಕೊಡಗು ಜಿಲ್ಲೆಯಿಂದ ಉನ್ನತ ವ್ಯಾಸಂಗಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಎರಡು ದಾರಿಗಳಿವೆ. ಒಂದು, ಸಂಪಾಜೆ ಘಾಟಿ ಇಳಿದು ಮಂಗಳೂರು. ಇನ್ನೊಂದು, ಕುಶಾಲನಗರ ದಾಟಿ ಮೈಸೂರು, ಅಲ್ಲಿಂದ ಮುಂದೆ ಬೆಂಗಳೂರು. ವಸ್ತು ವಿಜ್ಞಾನದಲ್ಲಿ ಡಾಕ್ಟರೇಟ್ ಪದವಿಗೆ ಸಂಶೋಧನೆ ಮಾಡಬಯಸುವವರ ದಾರಿಯೂ ಇದೇ.

2011ರ ಜನಗಣತಿಯ ಪ್ರಕಾರ 5,54,519 ಜನಸಂಖ್ಯೆಯುಳ್ಳ ಈ ಜಿಲ್ಲೆಯಲ್ಲಿ ಪದವಿ ಕಾಲೇಜುಗಳಿಗೆ, ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ಆದರೆ ಈ ವಿಷಯದ ಸಂಶೋಧನೆಗೆ ಬೇಕಾದ ದುಬಾರಿ ಉಪಕರಣಗಳೂ ಅವುಗಳನ್ನು ಬಳಸಿ ಪಳಗಿದ ಮಾರ್ಗದರ್ಶಕರೂ ಹೆಚ್ಚಾಗಿ ಜಿಲ್ಲೆಯ ಹೊರಗಿದ್ದಾರೆ. ಹೀಗಾಗಿ ಎಲ್ಲಿಗೆ ಹೋಗಬೇಕು, ಯಾವ ಪರೀಕ್ಷೆ ಬರೆಯಬೇಕು, ಐದು ವರ್ಷಗಳ ಜೀವನ ನಿರ್ವಹಣೆಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಪದವಿಯ ಹಂತದಲ್ಲೇ ತಿಳಿದವರು ಮುಂದೆ ವರ್ಷಗಳನ್ನು ಕಳೆದುಕೊಳ್ಳುವುದಿಲ್ಲ. ಮಾರ್ಗದರ್ಶಕ, ಉಪಕರಣ, ಶಿಷ್ಯವೇತನ ಈ ಮೂರೂ ಖಚಿತವಾಗುವ ಮೊದಲೇ ನೋಂದಣಿ ಮಾಡಿಸಿಕೊಂಡವರ ಸಂಶೋಧನೆ ನಡುದಾರಿಯಲ್ಲಿ ನಿಲ್ಲುವ ಅಪಾಯ ಹೆಚ್ಚು.

ವಸ್ತು ವಿಜ್ಞಾನ ಎಂದರೇನು?

ಕೊಡವರ ಮನೆಗಳಲ್ಲಿ ಗೌರವದಿಂದ ಕಾಪಾಡಿಕೊಂಡು ಬಂದಿರುವ ಒಡಿಕತ್ತಿ ಮತ್ತು ಪೀಚೆಕತ್ತಿಗಳನ್ನೇ ಉದಾಹರಣೆಯಾಗಿ ನೋಡಬಹುದು. ಕತ್ತಿಯ ಅಂಚು ಗಡುಸಾಗಿರಬೇಕು, ಇಲ್ಲದಿದ್ದರೆ ಹರಿತ ಉಳಿಯದು. ಆದರೆ ಇಡೀ ಅಲಗು ಅಷ್ಟೇ ಗಡುಸಾದರೆ ಪೆಟ್ಟಿಗೆ ಮುರಿದೀತು. ಕಬ್ಬಿಣದಲ್ಲಿ ಇಂಗಾಲದ ಪ್ರಮಾಣ ಎಷ್ಟು, ಅದನ್ನು ಎಷ್ಟು ಕಾಯಿಸಲಾಯಿತು, ಎಷ್ಟು ಬೇಗ ತಣಿಸಲಾಯಿತು ಎಂಬುದರ ಮೇಲೆ ಅಲಗಿನ ಒಳರಚನೆ ನಿರ್ಧಾರವಾಗುತ್ತದೆ. ಆ ಒಳರಚನೆಯೇ ಅದರ ಗುಣವನ್ನು ನಿರ್ಧರಿಸುತ್ತದೆ. ಕಮ್ಮಾರರು ಅನುಭವದಿಂದ ಅರಿತಿದ್ದ ಈ ಸಂಬಂಧವನ್ನು ಅಳತೆಗೆ ಒಳಪಡಿಸಿ ವಿವರಿಸುವ ಶಾಸ್ತ್ರವೇ ವಸ್ತು ವಿಜ್ಞಾನ. ದಕ್ಷಿಣ ಭಾರತದ ಮೂಸೆಗಳಲ್ಲಿ ತಯಾರಾಗಿ ಹೊರದೇಶಗಳಿಗೆ ಹೋದ ‘ವೂಟ್ಸ್’ ಉಕ್ಕಿನ ಹೆಸರು ಕನ್ನಡದ ‘ಉಕ್ಕು’ ಪದದಿಂದಲೇ ಬಂದಿರಬೇಕು ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ಪ್ರಚಲಿತವಾಗಿದೆ.

ತಯಾರಿಕೆ, ಒಳರಚನೆ, ಗುಣ, ಬಳಕೆ ಈ ನಾಲ್ಕರ ನಡುವಣ ಸಂಬಂಧವನ್ನು ಹುಡುಕುವುದು ಈ ಶಾಸ್ತ್ರದ ತಿರುಳು. ಲೋಹ, ಪಿಂಗಾಣಿ, ಪಾಲಿಮರ್, ಅರೆವಾಹಕ, ಬ್ಯಾಟರಿಯ ವಿದ್ಯುದ್ವಾರ, ಮೂಳೆಗೆ ಜೋಡಿಸುವ ಕೃತಕ ಭಾಗ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಆದ್ದರಿಂದಲೇ ಭೌತವಿಜ್ಞಾನ, ರಸಾಯನ ವಿಜ್ಞಾನ, ಎಂಜಿನಿಯರಿಂಗ್ ಮೂರೂ ಕಡೆಯವರು ಇದರಲ್ಲಿ ಪಿಎಚ್.ಡಿ. ಮಾಡುತ್ತಾರೆ.

ಸಂಶೋಧನೆಗೂ ಸಾಮಾನ್ಯ ಪ್ರಾಜೆಕ್ಟ್‌ಗೂ ಇರುವ ವ್ಯತ್ಯಾಸವನ್ನು ಕೊಡಗಿನದೇ ಇನ್ನೊಂದು ಉದಾಹರಣೆಯಿಂದ ತಿಳಿಯಬಹುದು. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಬೆಳೆಯುವುದು ಈ ಜಿಲ್ಲೆಯಲ್ಲಿ. ಕಾಫಿಯ ಸಿಪ್ಪೆಯನ್ನು ಗಾಳಿಯಾಡದ ಕುಲುಮೆಯಲ್ಲಿ ಸುಟ್ಟು, ರಾಸಾಯನಿಕಗಳಿಂದ ಸಂಸ್ಕರಿಸಿದರೆ ಅಸಂಖ್ಯ ಸೂಕ್ಷ್ಮರಂಧ್ರಗಳುಳ್ಳ ಸಕ್ರಿಯ ಇಂಗಾಲ ದೊರೆಯುತ್ತದೆ. ಅದನ್ನು ನೀರಿನ ಶುದ್ಧೀಕರಣಕ್ಕೂ, ವಿದ್ಯುತ್ತನ್ನು ಸಂಗ್ರಹಿಸುವ ಸೂಪರ್ ಕೆಪಾಸಿಟರ್‌ಗಳಿಗೂ ಬಳಸಬಹುದೆಂದು ಹಲವು ದೇಶಗಳ ಸಂಶೋಧಕರು ಈಗಾಗಲೇ ತೋರಿಸಿದ್ದಾರೆ. ‘ಕಾಫಿ ಸಿಪ್ಪೆಯಿಂದ ಇಂಗಾಲ ತಯಾರಿಸಿದೆವು’ ಎಂದಷ್ಟೇ ಹೇಳುವುದು ಈಗ ಪಿಎಚ್.ಡಿ.ಗೆ ಸಾಲದು. ಕುಲುಮೆಯ ಉಷ್ಣತೆ ಬದಲಾದಂತೆ ರಂಧ್ರಗಳ ಗಾತ್ರ ಏಕೆ ಬದಲಾಗುತ್ತದೆ, ಅದರಿಂದ ವಿದ್ಯುತ್ ಸಂಗ್ರಹ ಸಾಮರ್ಥ್ಯ ಹೇಗೆ ಏರಿಳಿಯುತ್ತದೆ ಎಂಬುದಕ್ಕೆ ಪುರಾವೆಸಹಿತ ಉತ್ತರ ಸಿಕ್ಕಾಗ ಅದು ಮಹಾಪ್ರಬಂಧವಾಗುತ್ತದೆ.

ಎಲ್ಲಿ ಓದಬಹುದು?

ವಸ್ತು ವಿಜ್ಞಾನದ ಹೆಸರಿನಲ್ಲೇ ಪ್ರತ್ಯೇಕ ಸ್ನಾತಕೋತ್ತರ ವಿಭಾಗ ಇರುವ ವಿಶ್ವವಿದ್ಯಾಲಯಗಳು ರಾಜ್ಯದಲ್ಲಿ ಕೆಲವೇ. ಅವುಗಳಲ್ಲಿ ಒಂದು ಕೊಣಾಜೆಯ ಮಂಗಳಗಂಗೋತ್ರಿಯಲ್ಲಿರುವ ಮಂಗಳೂರು ವಿಶ್ವವಿದ್ಯಾಲಯದ್ದು. 1980ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲೇ ಕೊಡಗಿನ ಕಾಲೇಜುಗಳು ದಶಕಗಳ ಕಾಲ ಇದ್ದುದರಿಂದ ಇಲ್ಲಿನ ವಿದ್ಯಾರ್ಥಿಗಳಿಗೆ ಇದು ಪರಿಚಿತ ನೆಲೆ. ವಸ್ತುಗಳ ಮೇಲೆ ಎಲೆಕ್ಟ್ರಾನ್ ವಿಕಿರಣದ ಪರಿಣಾಮವನ್ನು ಅಭ್ಯಸಿಸಲು ನೆರವಾಗುವ ಮೈಕ್ರೋಟ್ರಾನ್ ಕೇಂದ್ರವೂ ಇದೇ ಆವರಣದಲ್ಲಿದೆ. ಕಲಬುರಗಿಯ ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿಯೂ ವಸ್ತು ವಿಜ್ಞಾನ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತವಿಜ್ಞಾನ ಹಾಗೂ ರಸಾಯನ ವಿಜ್ಞಾನ ವಿಭಾಗಗಳ ಮೂಲಕ ಇದೇ ಬಗೆಯ ಸಂಶೋಧನೆ ಸಾಧ್ಯ.

ಎಂಜಿನಿಯರಿಂಗ್ ಹಿನ್ನೆಲೆಯವರಿಗೆ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಲೋಹ ಮತ್ತು ವಸ್ತು ಎಂಜಿನಿಯರಿಂಗ್ ವಿಭಾಗ ಹತ್ತಿರದ ಆಯ್ಕೆ. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಆರಂಭವಾದ ಈ ಸಂಸ್ಥೆ 2002ರಲ್ಲಿ ಈಗಿನ ಸ್ವರೂಪ ಪಡೆಯಿತು. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಹಾಗೂ ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜಿನ ಪದವೀಧರರು ಗೇಟ್ ಪರೀಕ್ಷೆಯ ಮೂಲಕ ಈ ದಾರಿ ಹಿಡಿಯಬಹುದು.

ಬೆಂಗಳೂರಿನಲ್ಲಿ ಆಯ್ಕೆಗಳು ಹೆಚ್ಚು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1945ರಲ್ಲಿ ಲೋಹವಿಜ್ಞಾನ ವಿಭಾಗವಾಗಿ ಆರಂಭವಾದದ್ದು ಇಂದು ವಸ್ತು ಎಂಜಿನಿಯರಿಂಗ್ ವಿಭಾಗ. ಅದೇ ಸಂಸ್ಥೆಯಲ್ಲಿ ವಸ್ತು ಸಂಶೋಧನಾ ಕೇಂದ್ರ, ಘನಸ್ಥಿತಿ ರಸಾಯನ ವಿಜ್ಞಾನದ ಘಟಕ, ನ್ಯಾನೋ ವಿಜ್ಞಾನ ಕೇಂದ್ರಗಳಿವೆ. ಭಾರತರತ್ನ ಪ್ರೊ. ಸಿ.ಎನ್.ಆರ್. ರಾವ್ ಅವರು 1989ರಲ್ಲಿ ಕಟ್ಟಿದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಹೆಸರು ಜಗತ್ತಿಗೆ ತಿಳಿದಿರುವುದೇ ವಸ್ತು ವಿಜ್ಞಾನದಿಂದ. ದ್ರವಸ್ಫಟಿಕಗಳ ಅಧ್ಯಯನಕ್ಕೆ ಹೆಸರಾದ ಪ್ರೊ. ಎಸ್. ಚಂದ್ರಶೇಖರ್ ಅವರು 1991ರಲ್ಲಿ ಆರಂಭಿಸಿದ ಕೇಂದ್ರ ಈಗ ನ್ಯಾನೋ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರವಾಗಿದೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ವಿಮಾನಗಳಿಗೆ ಬೇಕಾದ ಸಂಯೋಜಿತ ವಸ್ತುಗಳ ಮೇಲೆ ಕೆಲಸ ಮಾಡುತ್ತಿದೆ.

ಮರವೂ ಒಂದು ವಸ್ತುವೇ ಎಂಬುದನ್ನು ಮರೆಯಬಾರದು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಓದಿದವರು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಬಲ, ಬಾಳಿಕೆ, ಸಂಸ್ಕರಣೆಯ ಕುರಿತು ಸಂಶೋಧನೆ ನಡೆಸಲು ಅವಕಾಶವಿದೆ.

ಕೊಡಗು ವಿಶ್ವವಿದ್ಯಾಲಯದ ಪ್ರಶ್ನೆ

ಕುಶಾಲನಗರ ಸಮೀಪದ ಚಿಕ್ಕಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದ ಆವರಣದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂತು. 2025ರ ಫೆಬ್ರುವರಿಯಲ್ಲಿ ರಾಜ್ಯ ಸಚಿವ ಸಂಪುಟದ ಉಪಸಮಿತಿಯು ಹೊಸ ವಿಶ್ವವಿದ್ಯಾಲಯಗಳ ಪೈಕಿ 9ನ್ನು ಮುಚ್ಚುವ ನಿಲುವು ವ್ಯಕ್ತಪಡಿಸಿದಾಗ ಆ ಪಟ್ಟಿಯಲ್ಲಿ ಕೊಡಗಿನ ಹೆಸರೂ ಇತ್ತು. ಪಿಎಚ್.ಡಿ. ನಾಲ್ಕೈದು ವರ್ಷಗಳ ವ್ಯವಹಾರ. ಆದ್ದರಿಂದ ಯಾವುದೇ ಹೊಸ ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿಕೊಳ್ಳುವವರು ಪದವಿ ಪ್ರದಾನ ಮಾಡುವ ಸಂಸ್ಥೆ ಯಾವುದು, ಆಡಳಿತ ಬದಲಾದರೆ ನೋಂದಣಿ ಎಲ್ಲಿಗೆ ವರ್ಗವಾಗುತ್ತದೆ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿಯುವುದು ಕ್ಷೇಮ.

ಅರ್ಹತೆ ಏನು?

ವಿಶ್ವವಿದ್ಯಾಲಯ ಧನಸಹಾಯ ಆಯೋಗವು (ಯುಜಿಸಿ) 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಪಡೆದವರು ಪಿಎಚ್.ಡಿ.ಗೆ ಅರ್ಹರು. ನಾಲ್ಕು ವರ್ಷದ ಪದವಿ ಪಡೆದವರಿಗೆ ಶೇ. 75 ಅಂಕ ಇದ್ದರೆ ಸ್ನಾತಕೋತ್ತರ ಪದವಿ ಇಲ್ಲದೆಯೂ ಅವಕಾಶವಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲ ವರ್ಗ ಹಾಗೂ ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 5ರ ವಿನಾಯಿತಿ ಇದೆ.

ರಾಜ್ಯದಲ್ಲಿ 2021-22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ಮಡಿಕೇರಿ, ಗೋಣಿಕೊಪ್ಪ, ವಿರಾಜಪೇಟೆಗಳ ಕಾಲೇಜುಗಳಲ್ಲಿ ಮೂರು ವರ್ಷದ ಬಿಎಸ್ಸಿ ಮುಗಿಸುವವರು ಎಂಎಸ್ಸಿ ಮಾಡಿಯೇ ಮುಂದುವರಿಯಬೇಕು. ಇದಕ್ಕೆ ಒಂದು ಪರ್ಯಾಯವಿದೆ. ಜಕ್ಕೂರಿನ ಕೇಂದ್ರವು ಬಿಎಸ್ಸಿ ಪದವೀಧರರಿಗಾಗಿ ವಸ್ತು ವಿಜ್ಞಾನದಲ್ಲೇ ಸಮಗ್ರ ಪಿಎಚ್.ಡಿ. ನಡೆಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಭೌತ ಹಾಗೂ ರಸಾಯನ ವಿಜ್ಞಾನಗಳಲ್ಲಿ ಇಂಥ ವ್ಯವಸ್ಥೆ ಇದೆ. ಇವೆರಡಕ್ಕೂ ಐಐಟಿಗಳು ನಡೆಸುವ ‘ಜಾಮ್’ ಪರೀಕ್ಷೆಯೇ ಹೆಬ್ಬಾಗಿಲು. ಬಿಎಸ್ಸಿ ಅಂತಿಮ ವರ್ಷದಲ್ಲೇ ಈ ಪರೀಕ್ಷೆ ಬರೆಯಬೇಕಾದ್ದರಿಂದ ಮಾಹಿತಿ ತಡವಾಗಿ ತಲುಪಿದರೆ ಅವಕಾಶ ತಪ್ಪಿಹೋಗುತ್ತದೆ.

ಅರ್ಹತೆಯ ಒಂದು ಸಾಲು ಎಷ್ಟು ನಿರ್ದಯವಾಗಬಲ್ಲದು ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ಕೇರಳದ ಪೀರ್‌ಮೇಡಿನ ಏಲಕ್ಕಿ ತೋಟದ ಕುಟುಂಬದಿಂದ ಬಂದ ಅನ್ನಾ ಮಣಿ (1918-2001) ಅವರು 1940ರಿಂದ ಸರ್ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಕೆಂಪು ಹರಳುಗಳ ದೃಗ್ಗುಣಗಳನ್ನು ಅಭ್ಯಸಿಸಿ, ಐದು ಪ್ರಬಂಧಗಳನ್ನು ಒಬ್ಬರೇ ಬರೆದು ಪ್ರಕಟಿಸಿದರು. 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧ ಸಲ್ಲಿಸಿದರು. ಎಂಎಸ್ಸಿ ಪದವಿ ಇಲ್ಲ ಎಂಬ ಕಾರಣಕ್ಕೆ ಅವರಿಗೆ ಪಿಎಚ್.ಡಿ. ದೊರೆಯಲಿಲ್ಲ. ಮುಂದೆ ಹವಾಮಾನ ಉಪಕರಣಗಳ ತಜ್ಞೆಯಾಗಿ ಅವರು ದೇಶಕ್ಕೆ ಹೆಸರು ತಂದರು. ಪದವಿ ತಾರದ ಆ ಮಹಾಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ.

ಪ್ರವೇಶ ಪರೀಕ್ಷೆಗಳು

ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ವಸ್ತು ವಿಜ್ಞಾನ ಎಂಬ ಪ್ರತ್ಯೇಕ ಪ್ರಶ್ನೆಪತ್ರಿಕೆ ಇಲ್ಲ ಎಂಬುದು ಅನೇಕರಿಗೆ ಎಂಎಸ್ಸಿ ಸೇರಿದ ಮೇಲೆಯೇ ತಿಳಿಯುತ್ತದೆ. ವಸ್ತು ವಿಜ್ಞಾನದ ಸ್ನಾತಕೋತ್ತರ ಪದವೀಧರರು ಭೌತವಿಜ್ಞಾನ ಅಥವಾ ರಸಾಯನ ವಿಜ್ಞಾನದ ಪತ್ರಿಕೆಯನ್ನೇ ಆರಿಸಿಕೊಳ್ಳಬೇಕು. ತರಗತಿಯ ಪಠ್ಯಕ್ಕೂ ಪರೀಕ್ಷೆಯ ಪಠ್ಯಕ್ಕೂ ಅಂತರವಿರುವುದರಿಂದ ಮೊದಲ ವರ್ಷದಿಂದಲೇ ಪ್ರತ್ಯೇಕ ಸಿದ್ಧತೆ ಅನಿವಾರ್ಯ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ.

ಗೇಟ್ ಪರೀಕ್ಷೆಯಲ್ಲಿ ಪರಿಸ್ಥಿತಿ ಮೇಲು. ‘ಎಂಜಿನಿಯರಿಂಗ್ ವಿಜ್ಞಾನಗಳು’ ಪತ್ರಿಕೆಯಲ್ಲಿ ವಸ್ತು ವಿಜ್ಞಾನ ಒಂದು ಐಚ್ಛಿಕ ವಿಭಾಗ. ಎಂಜಿನಿಯರಿಂಗ್ ಗಣಿತ ಕಡ್ಡಾಯ, ಉಳಿದ ವಿಭಾಗಗಳಲ್ಲಿ ಎರಡನ್ನು ಆಯ್ದುಕೊಳ್ಳಬೇಕು. ಲೋಹ ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆಯಿದೆ. ಗೇಟ್ ಅಂಕ ಮೂರು ವರ್ಷ ಮಾನ್ಯ. ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ಫೆಬ್ರುವರಿಯಲ್ಲಿ, ಅಂದರೆ ಕೊಡಗಿನ ತೋಟಗಳಲ್ಲಿ ರೋಬಸ್ಟಾ ಕೊಯ್ಲಿನ ಹೊತ್ತಿನಲ್ಲಿ. ಮನೆಯ ಕೆಲಸಕ್ಕೂ ಓದಿಗೂ ನಡುವೆ ಸಿಲುಕುವ ವಿದ್ಯಾರ್ಥಿಗಳು ಮಳೆಗಾಲದಲ್ಲೇ ಸಿದ್ಧತೆಯ ಹೆಚ್ಚಿನ ಭಾಗವನ್ನು ಮುಗಿಸಿಕೊಳ್ಳುವುದು ಜಾಣತನ.

ಯುಜಿಸಿಯ 2024ರ ತೀರ್ಮಾನದಂತೆ ನೆಟ್ ಅಂಕಗಳನ್ನೇ ವಿಶ್ವವಿದ್ಯಾಲಯಗಳು ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದು. ಜೆಆರ್‌ಎಫ್ ದೊರೆಯದಿದ್ದರೂ ನಿಗದಿತ ಮಟ್ಟ ಮುಟ್ಟಿದವರ ಆಯ್ಕೆಯಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ಪ್ರಾಶಸ್ತ್ಯ. ಈ ಅಂಕ ಒಂದು ವರ್ಷ ಮಾತ್ರ ಮಾನ್ಯ.

ಶಿಷ್ಯವೇತನದ ಲೆಕ್ಕ

ಜೆಆರ್‌ಎಫ್ ಮೊತ್ತ 2019ರ ಜನವರಿಯಲ್ಲಿ 25 ಸಾವಿರದಿಂದ 31 ಸಾವಿರ ರೂಪಾಯಿಗೆ ಏರಿತ್ತು. ದೇಶದಾದ್ಯಂತ ಸಂಶೋಧನಾರ್ಥಿಗಳು ನಡೆಸಿದ ಹೋರಾಟ ಅದಕ್ಕೆ ಹಿನ್ನೆಲೆಯಾಗಿತ್ತು. 2023ರ ಜನವರಿಯಿಂದ ಅನ್ವಯವಾಗುವಂತೆ ಮೊದಲ ಎರಡು ವರ್ಷ ಮಾಸಿಕ 37 ಸಾವಿರ, ನಂತರ ಹಿರಿಯ ಫೆಲೋ ಆಗಿ 42 ಸಾವಿರ ರೂಪಾಯಿ ನಿಗದಿಯಾಯಿತು. ಐದು ವರ್ಷಗಳಿಗೆ ಲೆಕ್ಕ ಹಾಕಿದರೆ ಮನೆ ಬಾಡಿಗೆ ಭತ್ಯೆ ಬಿಟ್ಟು 24 ಲಕ್ಷ ರೂಪಾಯಿ. ಫೆಲೋಶಿಪ್ ಇಲ್ಲದೆ ಸೇರುವ ವಿದ್ಯಾರ್ಥಿ ಇಷ್ಟು ಮೊತ್ತವನ್ನು ಕಳೆದುಕೊಳ್ಳುವುದಲ್ಲದೆ, ಶುಲ್ಕ, ವಸತಿ, ಮಾದರಿಗಳ ಪರೀಕ್ಷಾ ವೆಚ್ಚವನ್ನೂ ಮನೆಯಿಂದಲೇ ತರಬೇಕಾಗುತ್ತದೆ. ಕಾಫಿಯ ಬೆಲೆ ಕುಸಿದ ವರ್ಷ ಅಂಥವರ ಸಂಶೋಧನೆಯೂ ಕುಂಟುತ್ತದೆ.

ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಪ್ರಥಮ ರ‍್ಯಾಂಕ್ ಪಡೆದವರಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಇನ್‌ಸ್ಪೈರ್’ ಫೆಲೋಶಿಪ್ ರೂಪುಗೊಂಡಿತು. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್‌ನಲ್ಲಿ ಮೊತ್ತ ಮಾಸಿಕ 70 ಸಾವಿರದಿಂದ 80 ಸಾವಿರ ರೂಪಾಯಿವರೆಗೆ ಇದೆ. ಅದಕ್ಕೆ ಸ್ಪರ್ಧೆಯೂ ಅಷ್ಟೇ ತೀವ್ರ. ರಾಜ್ಯ ಸರ್ಕಾರದ ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರೋತ್ಸಾಹಕ ಸಂಘವೂ ಪಿಎಚ್.ಡಿ. ಫೆಲೋಶಿಪ್ ನೀಡುತ್ತದೆ. ಇವೆಲ್ಲಕ್ಕೂ ಅರ್ಜಿ ಕರೆಯುವ ಕಾಲ, ವಯೋಮಿತಿಗಳು ಬೇರೆ ಬೇರೆಯಾದ್ದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನಂಬಬೇಕು.

ಪ್ರಾಧ್ಯಾಪಕರ ಸಂಶೋಧನಾ ಯೋಜನೆಯ ಹಣದಲ್ಲಿ ನೇಮಕವಾಗುವ ‘ಪ್ರಾಜೆಕ್ಟ್ ಜೆಆರ್‌ಎಫ್’ ಹುದ್ದೆಯಲ್ಲಿ ಒಂದು ತೊಡಕಿದೆ. ಯೋಜನೆ ಮುಗಿದಾಗ ವೇತನವೂ ನಿಲ್ಲುತ್ತದೆ, ಮಹಾಪ್ರಬಂಧ ಮಾತ್ರ ಅರ್ಧದಲ್ಲಿ ಉಳಿದಿರುತ್ತದೆ. ಸೇರುವ ದಿನವೇ ಯೋಜನೆಯಲ್ಲಿ ಎಷ್ಟು ತಿಂಗಳು ಬಾಕಿ ಇದೆ ಎಂದು ಕೇಳುವುದು ಅವಿನಯವಲ್ಲ.

ಮಾರ್ಗದರ್ಶಕರ ಆಯ್ಕೆ

ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರ ಆಯ್ಕೆ ಹೆಚ್ಚು ನಿರ್ಣಾಯಕ. ನಿಯಮದ ಪ್ರಕಾರ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ನೀಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಇರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಸ್ಥಾನ ಖಾಲಿ ಇದೆಯೇ ಎಂಬುದನ್ನು ಅರ್ಜಿ ಹಾಕುವ ಮೊದಲೇ ವಿಚಾರಿಸಬೇಕು.

‘ಶೋಧಗಂಗಾ’ ಎಂಬ ಅಂತರ್ಜಾಲ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಉಚಿತವಾಗಿ ಓದಲು ಸಿಗುತ್ತವೆ. ಒಬ್ಬ ಪ್ರಾಧ್ಯಾಪಕರ ಹೆಸರಿನಲ್ಲಿ ಹುಡುಕಿದರೆ ಅವರ ವಿದ್ಯಾರ್ಥಿಗಳು ಯಾವ ವಿಷಯದಲ್ಲಿ ಕೆಲಸ ಮಾಡಿದರು, ಯಾವ ಉಪಕರಣ ಬಳಸಿದರು ಎಂಬುದು ತಿಳಿಯುತ್ತದೆ. ಕೃತಜ್ಞತಾ ಪುಟವನ್ನು ಗಮನವಿಟ್ಟು ಓದಿದರೆ ಮಾದರಿಗಳನ್ನು ಎಲ್ಲೆಲ್ಲಿಗೆ ಕಳುಹಿಸಬೇಕಾಯಿತು ಎಂಬುದೂ ಗೊತ್ತಾಗುತ್ತದೆ. ಈಗಿನ ಸಂಶೋಧನಾರ್ಥಿಗಳನ್ನು ಭೇಟಿಯಾಗಿ, ಅವರು ಎಷ್ಟನೆಯ ವರ್ಷದಲ್ಲಿದ್ದಾರೆ, ಪ್ರಬಂಧಗಳಲ್ಲಿ ಅವರ ಹೆಸರಿಗೆ ಯಾವ ಸ್ಥಾನ ದೊರೆಯುತ್ತಿದೆ ಎಂದು ಕೇಳುವುದು ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ.

ಎಂಎಸ್ಸಿ ಅಥವಾ ಬಿಎಸ್ಸಿ ಹಂತದಲ್ಲೇ ಪ್ರಯೋಗಾಲಯದ ಒಳಗನ್ನು ಕಾಣಲು ಇನ್ನೊಂದು ಅವಕಾಶವಿದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಹಾಗೂ ಜಕ್ಕೂರಿನ ಕೇಂದ್ರವು ಪ್ರತ್ಯೇಕವಾಗಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತವೆ. ಸುಮಾರು ಎರಡು ತಿಂಗಳ ಈ ಅನುಭವದಿಂದ ಸಂಶೋಧನೆ ತನ್ನ ಸ್ವಭಾವಕ್ಕೆ ಒಗ್ಗುತ್ತದೆಯೇ ಎಂಬುದನ್ನು ಐದು ವರ್ಷ ಒಪ್ಪಿಸುವ ಮೊದಲೇ ವಿದ್ಯಾರ್ಥಿ ತಿಳಿಯಬಹುದು.

ಉಪಕರಣಗಳ ಸಮಸ್ಯೆ

ತಯಾರಿಸಿದ ಪುಡಿ ನಿಜವಾಗಿ ಏನು ಎಂಬುದನ್ನು ಸಾಬೀತುಪಡಿಸಲು ಎಕ್ಸ್-ರೇ ವಿವರ್ತನೆ ಬೇಕು. ಮೇಲ್ಮೈಯನ್ನು ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಕಾಯಿಸಿದಾಗ ಆಗುವ ಬದಲಾವಣೆಗೆ ಉಷ್ಣ ವಿಶ್ಲೇಷಣೆ, ರಂಧ್ರಗಳ ಅಳತೆಗೆ ನೈಟ್ರೋಜನ್ ಹೀರಿಕೆಯ ಉಪಕರಣ ಬೇಕು. ಇವೆಲ್ಲ ಒಂದೇ ಸೂರಿನಡಿ ಇರುವ ಸಂಸ್ಥೆಗಳು ವಿರಳ. ಉಳಿದ ಕಡೆ ಮಾದರಿಗಳನ್ನು ಕೊಚ್ಚಿ, ಧಾರವಾಡ, ಚೆನ್ನೈ, ಬೆಂಗಳೂರುಗಳ ಸಾರ್ವಜನಿಕ ಸೌಲಭ್ಯ ಕೇಂದ್ರಗಳಿಗೆ ಶುಲ್ಕ ಕಟ್ಟಿ ಕಳುಹಿಸುವುದು ವಾಡಿಕೆ.

ಹಣ ಮತ್ತು ಸಮಯದ ಜೊತೆಗೆ ಇಲ್ಲಿ ಇನ್ನೊಂದು ನಷ್ಟವಿದೆ. ಯಂತ್ರವನ್ನೇ ನೋಡದ ವಿದ್ಯಾರ್ಥಿಗೆ ಅಂಚೆಯಲ್ಲಿ ಬಂದ ಫಲಿತಾಂಶದಲ್ಲಿ ದೋಷವಿದ್ದರೆ ಗುರುತಿಸುವುದು ಕಷ್ಟ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಕೆಲವು ಪುಡಿಗಳು ಗಾಳಿಯ ತೇವವನ್ನು ಹೀರಿ ತೂಕವನ್ನೂ ಗುಣವನ್ನೂ ಬದಲಿಸುತ್ತವೆ. ಕಳುಹಿಸಿದ ಮಾದರಿಯೂ ಪರೀಕ್ಷೆಗೊಳಗಾದ ಮಾದರಿಯೂ ಒಂದೇ ಸ್ಥಿತಿಯಲ್ಲಿದ್ದವೇ ಎಂಬ ಸಂಶಯ ಪರೀಕ್ಷಕರಿಗೆ ಬರಬಹುದು. ಹೀಗಾಗಿ ಸಾಧ್ಯವಾದಷ್ಟೂ ಖುದ್ದಾಗಿ ಹೋಗಿ ಅಳತೆ ಮಾಡಿಸುವುದು ಲೇಸು.

ಈ ಕೊರತೆ ನೀಗಿಸಲು ಕೆಲವು ವ್ಯವಸ್ಥೆಗಳು ಬಂದಿವೆ. ದೇಶದ ಸಂಶೋಧನಾ ಉಪಕರಣಗಳ ವಿವರ ನೀಡಿ, ಬಳಕೆಗೆ ಸಮಯ ಕಾಯ್ದಿರಿಸಲು ನೆರವಾಗುವ ‘ಐ-ಸ್ಟೆಮ್’ ತಾಣ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತೀಯ ವಿಜ್ಞಾನ ಸಮಾವೇಶದಲ್ಲಿ ಲೋಕಾರ್ಪಣೆಯಾಯಿತು. 2025ರ ಜನವರಿಯಿಂದ ಜಾರಿಗೆ ಬಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13 ಸಾವಿರ ವಿಜ್ಞಾನ ಹಾಗೂ ಇತರ ನಿಯತಕಾಲಿಕಗಳು ಲಭ್ಯವಾಗುವಂತಾಯಿತು. ದೊಡ್ಡ ನಗರದ ಗ್ರಂಥಾಲಯಕ್ಕೆ ಹೋಗದೆಯೇ ಹೊಸ ಪ್ರಬಂಧಗಳನ್ನು ಓದುವ ಸಾಧ್ಯತೆ ಇದರಿಂದ ಸಣ್ಣ ಊರಿನವರಿಗೂ ತೆರೆದಿದೆ.

ಅವಧಿ ಮತ್ತು ಹಂತಗಳು

ನಿಯಮದಂತೆ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಎರಡು ವರ್ಷ ಹೆಚ್ಚುವರಿ ಪಡೆಯಬಹುದು. ಮಹಿಳೆಯರಿಗೆ ಹಾಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೆ ಎರಡು ವರ್ಷಗಳ ರಿಯಾಯಿತಿ ಇದೆ. ಹೆರಿಗೆ ಮತ್ತು ಶಿಶುಪಾಲನೆಗಾಗಿ ಮಹಿಳೆಯರು 240 ದಿನಗಳವರೆಗೆ ರಜೆ ಪಡೆಯಬಹುದು.

ಮೊದಲ ಹಂತದಲ್ಲಿ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಇರುತ್ತದೆ. ಹಿಂದಿನ ಸಂಶೋಧನೆಗಳ ಓದು, ಪ್ರಶ್ನೆಯ ನಿರ್ಧಾರ ಇದೇ ಕಾಲದಲ್ಲಿ ನಡೆಯಬೇಕು. ನಂತರದ ವರ್ಷಗಳು ಮಾದರಿಗಳ ತಯಾರಿಕೆ ಮತ್ತು ಅಳತೆಗೆ ಮೀಸಲು. ತಿಂಗಳುಗಟ್ಟಲೆ ಮಾಡಿದ ಪ್ರಯೋಗ ಫಲ ನೀಡದಿರುವುದು ಇಲ್ಲಿ ಸಾಮಾನ್ಯ ಸಂಗತಿ. ಅದನ್ನೂ ದಿನಚರಿ ಪುಸ್ತಕದಲ್ಲಿ ಪ್ರಾಮಾಣಿಕವಾಗಿ ದಾಖಲಿಸುವವನೇ ಸಂಶೋಧಕ. ಬೇಕಾದ ಫಲಿತಾಂಶ ಬರುವಂತೆ ಚಿತ್ರ, ನಕ್ಷೆಗಳನ್ನು ತಿದ್ದುವುದು ಬಯಲಾದರೆ ಪದವಿ ಪಡೆದ ಮೇಲೂ ಮಾನ ಉಳಿಯದು. ಪ್ರತಿ ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕು. ಮಹಾಪ್ರಬಂಧವನ್ನು ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಪರಿಶೀಲಿಸುತ್ತಾರೆ. ಬಳಿಕ ಮೌಖಿಕ ಪರೀಕ್ಷೆ.

2022ರ ನಿಯಮಗಳು ಪ್ರಬಂಧ ಪ್ರಕಟಣೆಯ ಕಡ್ಡಾಯವನ್ನು ಕೈಬಿಟ್ಟಿವೆ. ಆದರೂ ಸಂಸ್ಥೆಗಳು ತಮ್ಮದೇ ಷರತ್ತು ವಿಧಿಸಬಹುದು, ಮುಂದಿನ ಉದ್ಯೋಗಕ್ಕೂ ಪ್ರಕಟಣೆಗಳು ಬೇಕು. ಈ ಒತ್ತಡವನ್ನೇ ಬಂಡವಾಳ ಮಾಡಿಕೊಂಡು ಹಣ ಪಡೆದು ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳಿವೆ. ನಿಯತಕಾಲಿಕಗಳ ಅಧಿಕೃತ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿರುವುದರಿಂದ ಒಳ್ಳೆಯದು ಯಾವುದು, ಪೊಳ್ಳು ಯಾವುದು ಎಂದು ಗುರುತಿಸುವ ಹೊಣೆ ಸಂಶೋಧನಾರ್ಥಿ ಮತ್ತು ಮಾರ್ಗದರ್ಶಕರ ಮೇಲೆಯೇ ಬಿದ್ದಿದೆ.

ಉದ್ಯೋಗದಲ್ಲಿದ್ದು ಸಂಶೋಧನೆ

ಜಿಲ್ಲೆಯ ಕಾಲೇಜುಗಳ ಅಧ್ಯಾಪಕರಿಗೆ ಅರೆಕಾಲಿಕ ಪಿಎಚ್.ಡಿ. ಆಕರ್ಷಕವಾಗಿ ತೋರುವುದು ಸಹಜ. ಸಂಬಳ ನಿಲ್ಲುವುದಿಲ್ಲ, ಊರು ಬಿಡಬೇಕಾಗಿಲ್ಲ. ಇದಕ್ಕೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕು. ಆದರೆ ಪ್ರಯೋಗಾಧಾರಿತ ವಿಷಯದಲ್ಲಿ ವಾರಾಂತ್ಯದ ಭೇಟಿಗಳಿಂದ ಕೆಲಸ ಸಾಗುವುದು ಕಷ್ಟ. ಕುಲುಮೆಯಲ್ಲಿಟ್ಟ ಮಾದರಿ ರಜಾದಿನಕ್ಕಾಗಿ ಕಾಯುವುದಿಲ್ಲ. ಘಾಟಿಯ ರಸ್ತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ-ಸಂಪಾಜೆ ನಡುವಿನ ಹೆದ್ದಾರಿಯೇ ಕುಸಿದು ಸಂಚಾರ ಸ್ಥಗಿತವಾಗಿತ್ತು. ದೀರ್ಘ ರಜೆಗಳಲ್ಲಿ ಪ್ರಯೋಗ, ಕಾಲೇಜಿನ ದಿನಗಳಲ್ಲಿ ವಿಶ್ಲೇಷಣೆ ಎಂದು ಕೆಲಸವನ್ನು ಹಂಚಿಕೊಳ್ಳಲು ಒಪ್ಪುವ ಮಾರ್ಗದರ್ಶಕರು ದೊರೆತರೆ ಮಾತ್ರ ಇದು ಕೈಗೂಡುತ್ತದೆ.

ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ನೀಡಲು ನಿಯಮದಲ್ಲಿ ಅವಕಾಶವಿಲ್ಲ. ವಿದೇಶಿ ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ಖಾಸಗಿ ಕಂಪನಿಗಳು ನೀಡುವ ಇಂಥ ಆನ್‌ಲೈನ್ ಪದವಿಗಳಿಗೆ ಮಾನ್ಯತೆಯಿಲ್ಲ ಎಂದು ಯುಜಿಸಿ 2022ರಲ್ಲೇ ಎಚ್ಚರಿಸಿದೆ.

ಪದವಿಯ ನಂತರ

ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಪ್ರಯೋಗಾಲಯಗಳು, ಬ್ಯಾಟರಿ ಮತ್ತು ಅರೆವಾಹಕ ಉದ್ಯಮಗಳು ವಸ್ತು ವಿಜ್ಞಾನಿಗಳಿಗೆ ಕೆಲಸ ನೀಡುತ್ತವೆ. ಹಲವರು ವಿದೇಶಗಳಿಗೆ ಪೋಸ್ಟ್ ಡಾಕ್ಟರಲ್ ಸಂಶೋಧನೆಗೆ ತೆರಳುತ್ತಾರೆ. ಅಧ್ಯಾಪನ ವೃತ್ತಿಗೆ ಬರುವವರು ಮಾತ್ರ ಒಂದು ವಿಷಯ ಗಮನಿಸಬೇಕು. ಪದವಿ ಕಾಲೇಜುಗಳಲ್ಲಿ ಇರುವುದು ಭೌತವಿಜ್ಞಾನ, ರಸಾಯನ ವಿಜ್ಞಾನ ವಿಭಾಗಗಳೇ ಹೊರತು ವಸ್ತು ವಿಜ್ಞಾನ ವಿಭಾಗವಲ್ಲ. ಹುದ್ದೆಯ ಪ್ರಕಟಣೆಯಲ್ಲಿ ‘ಸಂಬಂಧಿತ ವಿಷಯ’ ಎಂಬುದಕ್ಕೆ ಯಾವ ಅರ್ಥ ಹೇಳಲಾಗುತ್ತದೆ ಎಂಬುದರ ಮೇಲೆ ಅರ್ಹತೆ ನಿಂತಿರುತ್ತದೆ. ಊರಿಗೆ ಮರಳಿ ಅಧ್ಯಾಪಕರಾಗುವ ಆಸೆಯುಳ್ಳವರು ಎಂಎಸ್ಸಿಯನ್ನು ಭೌತ ಅಥವಾ ರಸಾಯನ ವಿಜ್ಞಾನದಲ್ಲಿ ಮಾಡಿ, ಪಿಎಚ್.ಡಿ.ಯಲ್ಲಿ ವಸ್ತುಗಳನ್ನು ಆರಿಸಿಕೊಳ್ಳುವುದು ಎರಡೂ ಬಾಗಿಲುಗಳನ್ನು ತೆರೆದಿಡುತ್ತದೆ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆಯೆಂದೂ ಪಿಎಚ್.ಡಿ. ಐಚ್ಛಿಕವೆಂದೂ ಯುಜಿಸಿ ನಿಗದಿಪಡಿಸಿದೆ.

ನೋಂದಣಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಪದವಿ ನೀಡುವ ವಿಶ್ವವಿದ್ಯಾಲಯ ಯಾವುದು? ಪದವಿಯಲ್ಲಿ ನಮೂದಾಗುವ ವಿಷಯ ಯಾವುದು?

* ಶಿಷ್ಯವೇತನ ಎಷ್ಟು ವರ್ಷ? ಅದು ನಿಂತರೆ ಮುಂದೇನು?

* ಮಾರ್ಗದರ್ಶಕರ ಸೇವಾವಧಿ ಎಷ್ಟು ಉಳಿದಿದೆ? ಅವರ ಹಿಂದಿನ ವಿದ್ಯಾರ್ಥಿಗಳಿಗೆ ಪದವಿ ಪಡೆಯಲು ಎಷ್ಟು ವರ್ಷ ಹಿಡಿಯಿತು?

* ಬೇಕಾದ ಉಪಕರಣಗಳಲ್ಲಿ ಯಾವುವು ಆವರಣದಲ್ಲೇ ಇವೆ? ಹೊರಗಿನ ಪರೀಕ್ಷೆಯ ವೆಚ್ಚ ಯಾರದು?

* ಸಂಶೋಧನೆಯ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಹೇಳಲು ಸಾಧ್ಯವೇ?

ಈ ಐದಕ್ಕೂ ಸ್ಪಷ್ಟ ಉತ್ತರ ದೊರೆತವರು ಧೈರ್ಯವಾಗಿ ಬಸ್ಸು ಹತ್ತಬಹುದು. ಒಂದಕ್ಕಾದರೂ ಉತ್ತರ ಸಿಗದಿದ್ದಲ್ಲಿ ಒಂದು ವರ್ಷ ತಡೆದು, ಮತ್ತೊಮ್ಮೆ ಪರೀಕ್ಷೆ ಬರೆದು, ಇನ್ನೊಬ್ಬ ಮಾರ್ಗದರ್ಶಕರನ್ನು ಹುಡುಕುವುದರಲ್ಲಿ ತಪ್ಪೇನಿಲ್ಲ. ಸೇರುವ ಮುನ್ನ ಕಳೆದ ಒಂದು ವರ್ಷಕ್ಕಿಂತ ಸೇರಿದ ಮೇಲೆ ಕಳೆದುಕೊಳ್ಳುವ ಮೂರು ವರ್ಷಗಳ ಬೆಲೆಯೇ ಹೆಚ್ಚು.